ಕೊಕ್ಕರೆ ಮಾವನ ರಬ್ಬರು ಹುಳ

"ಕೊಕ್ಕರೆಯಾದ್ರೂ ಹಿಡಿದ ಮೀನನ್ನ ತಿನ್ನುತ್ತೆ, ಇವರು ಹಿಡಿದು, ಕುಶಲ ವಿಚಾರಿಸಿ, ವಾಪಸ್ ಕಳಿಸ್ತಾರೆ" ಎಂಬುದು ನಮ್ಮ ಬೀದಿಯವರು ಅವರ ಬಗ್ಗೆ ಆಡುತ್ತಿದ್ದ ಮಾತು. ಮೂರನೇ ಮನೆಯ ಹೆಂಗಸಂತೂ ಒಂದು ಹೆಜ್ಜೆ ಮುಂದೆ ಹೋಗಿ, "ಮದುವೆ ಆಗದೆ ಉಳಿದದ್ದೂ ಅದಕ್ಕೇ ಕಣ್ರೀ, ಬಂದ ಸಂಬಂಧಗಳನ್ನೆಲ್ಲ ಹಾಗೇ ನೀರಿಗೆ ಬಿಟ್ಟಿರಬೇಕು" ಎನ್ನುತ್ತಿದ್ದಳು. ನೀಳ ಕಾಲು, ಮುಂದಕ್ಕೆ ಚಾಚಿದ ಕತ್ತು, ನೆಲವನ್ನು ಅನುಮಾನಿಸುವಂತೆ ಒಂದೊಂದೇ ಮೊಣಕಾಲನ್ನು ಎತ್ತಿ ಇಡುವ ನಡಿಗೆ. ಕೊಕ್ಕರೆ ಮಾವ ಎಂಬ ಹೆಸರು ತಾನಾಗಿಯೇ ಹಾರಿಬಂದು ಅವರ ಮೇಲೆ ಕೂತಿತ್ತು. ಕೊಕ್ಕರೆ ಎಂದದ್ದಕ್ಕೆ ಅವರಿಗೆ ಬೇಸರವಿರಲಿಲ್ಲ. ಮಾವ ಎಂದದ್ದಕ್ಕೆ ಮಾತ್ರ, "ಯಾವ ಕಡೆಯಿಂದ ಮಾವ? ನನಗೇ ಗೊತ್ತಿಲ್ವಲ್ಲ!" ಎಂದು ಕೇಳುತ್ತಿದ್ದರು.

ವೃತ್ತಿಯಿಂದ ಅವರು ಗಾಜು ಕತ್ತರಿಸುವವರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಗೋಡೆಗೊರಗಿಸಿದ ಕನ್ನಡಿಗಳಲ್ಲಿ ಗಿರಾಕಿಗಳು ಮೊಣಕಾಲಿನವರೆಗೆ ಮಾತ್ರ ಕಾಣುತ್ತಿದ್ದರು. ಹೆಗಲ ಮೇಲೆ ಗಾಜಿನ ಪುಡಿ ಮಿನುಗುವ, ಕಾಲರಿನ ತುಂಬ ಗಾಳದ ಕೊಕ್ಕೆಗಳನ್ನು ಚುಚ್ಚಿಕೊಂಡ ಕಂದು ಕೋಟನ್ನು ಅವರು ಬೇಸಿಗೆಯಲ್ಲೂ ಬಿಚ್ಚಿದವರಲ್ಲ. ಅವರನ್ನು ಅಪ್ಪಿಕೊಳ್ಳುವ ಸಾಹಸವನ್ನು ಯಾರೂ ಮಾಡುತ್ತಿರಲಿಲ್ಲ. ಯಾವ ಮಾತಿನ ಕೊನೆಗೂ "ಹೌದೋ ಅಲ್ವೋ?" ಎಂಬ ಬಾಲವೊಂದಿರುತ್ತಿತ್ತು. ಆದರೆ ಉತ್ತರಕ್ಕಾಗಿ ಅವರು ಕಾದದ್ದನ್ನು, ಎದುರುಮನೆಯಲ್ಲಿ ಹದಿನಾಲ್ಕು ವರ್ಷ ಇದ್ದ ನಾನು, ನೋಡಿಲ್ಲ.

ಊರಾಚೆ ನೀರು ಸರಬರಾಜಿನ ದೊಡ್ಡ ಕೆರೆ. ಅದರಲ್ಲಿ ಅಗಲಬಾಯಿಯ ಬಾಸ್ ಮೀನು. ಬಾಸ್ ಎಂದರೆ ಹಸಿವಿಗಿಂತ ಹೆಚ್ಚಾಗಿ ಸಿಟ್ಟಿನಿಂದ ಬಾಯಿ ಹಾಕುವ ಪ್ರಾಣಿ. ಅದನ್ನು ಕೆಣಕಲು ಜೀವದ ಎರೆ ಬೇಕಿಲ್ಲ, ಹುಸಿ ಎರೆ ಸಾಕು. ಮಾವನ ಪೆಟ್ಟಿಗೆಯ ಇಪ್ಪತ್ತನಾಲ್ಕು ಖಾನೆಗಳಲ್ಲಿ ಅಂಥವು ಎಲ್ಲ ಬಗೆಯವೂ ಇದ್ದವು: ತಗಡಿನ ರೆಕ್ಕೆ ಗಿರಗಿರ ತಿರುಗುವಂಥವು, ಬಣ್ಣದ ಮರದ ಮೀನುಗಳು, ಮೆತ್ತನೆಯ ರಬ್ಬರು ಹುಳಗಳು. ಆದರೆ ನೀರಿಗಿಳಿಯುತ್ತಿದ್ದದ್ದು ಒಂದೇ, ತೇಲುವ ಕಪ್ಪೆ. ಕಪ್ಪೆ ನೀರಿನ ಮೇಲೆ ಕುಪ್ಪಳಿಸುತ್ತ ಬರುತ್ತದೆ, ನೀರು ಸೀಳುತ್ತದೆ, ಬಾಯಿ ಕಾಣುತ್ತದೆ. "ಕಣ್ಣಿಗೆ ಕಂಡದ್ದನ್ನ ನಂಬಬೇಕು, ಹೌದೋ ಅಲ್ವೋ? ತಳದಲ್ಲಿ ತೆವಳೋ ಈ ಹುಳ ಇದೆಯಲ್ಲ, ಅದನ್ನ ಎಸೆಯೋದು ಅಂದ್ರೆ ಬಾವಿಗೆ ಕಾಗದ ಹಾಕಿ ಉತ್ತರಕ್ಕೆ ಕಾದ ಹಾಗೆ" ಎನ್ನುತ್ತಿದ್ದರು.

ಹೀಗೆ ಕಂಡದ್ದನ್ನು ಮಾತ್ರ ನಂಬಿದ್ದ ಮನುಷ್ಯನ ಕಣ್ಣಿನ ನರವೇ ಒಣಗತೊಡಗಿತು. ಮೊದಲು ಸುಳಿವು ಕೊಟ್ಟದ್ದು ಒಂದು ಕನ್ನಡಿ. ಅಳತೆಗಿಂತ ಒಂದು ಬೆರಳು ಕಡಿಮೆ ಕತ್ತರಿಸಿದ್ದರು. ಗಿರಾಕಿ ಬೈಯಲಿಲ್ಲ, ಆದರೆ ಮಾವ ಆ ವಾರವೇ ಅಂಗಡಿಯ ಬಾಗಿಲು ಹಾಕಿದರು. ಹೋದ ದೃಷ್ಟಿ ಬರುವುದಿಲ್ಲ, ಇದ್ದದ್ದೂ ಉಳಿಯುವುದಿಲ್ಲ ಎಂದು ವೈದ್ಯರು ಹೇಳಿದ್ದನ್ನು ನನಗೆ ತಿಳಿಸಿದಾಗ ಮಾತಿಗೆ ಬಾಲವಿರಲಿಲ್ಲ.

ಆಮೇಲೆ ಅವರು ಮಾಡಿದ ಕೆಲಸ ವಿಚಿತ್ರ. ಪೆಟ್ಟಿಗೆಯನ್ನು ಮನೆಯಲ್ಲೇ ಬಿಟ್ಟು, ಒಂದೇ ಒಂದು ಎರೆಯನ್ನು ಜೇಬಿಗೆ ಹಾಕಿಕೊಂಡು ಕೆರೆಗೆ ಹೊರಡತೊಡಗಿದರು. "ಇನ್ನೊಂದು ಎರೆ ಕೈಯಲ್ಲಿದ್ರೆ ಮನಸ್ಸು ಅದರ ಹಿಂದೆ ಓಡುತ್ತೆ. ಇದೊಂದೇ ಗತಿ ಅಂತಾದ್ರೆ ಇದರ ಮಾತು ಕೇಳಿಸುತ್ತೆ." ತಗಡಿನ ರೆಕ್ಕೆಯೊಂದಿಗೆ ಒಂದು ತಿಂಗಳು: ಅದರ ಕಂಪನ ಗಾಳದ ಕೋಲಿನ ಹಿಡಿಗೆ ಬರುತ್ತದೆ, ಕಂಪನ ನಿಂತರೆ ಮೀನು. ಮರದ ಮೀನಿನೊಂದಿಗೆ ಇನ್ನೊಂದು ತಿಂಗಳು. ಎರಡರಲ್ಲೂ ಹಿಡಿದರು, ಎರಡನ್ನೂ ನಂಬಿದರು. ಅಷ್ಟರಲ್ಲಿ ಬಿಸಿಲು ಬಲಿತು ಬಾಸ್‌ಗಳು ಆಳಕ್ಕಿಳಿದವು. ಓಡುವ ಎರೆಯ ಬೆನ್ನು ಹತ್ತುವುದನ್ನು ಬಿಟ್ಟವು. ಉಳಿದದ್ದು ತಳದಲ್ಲಿ ತೆವಳುವ ರಬ್ಬರು ಹುಳ ಮಾತ್ರ. ಮಾವನ ಪಾಲಿಗೂ ಆಗ ಬೆಳಕು ಮತ್ತು ನೆರಳು, ಎರಡೇ ಉಳಿದಿದ್ದವು.

ಪಕ್ಕದ ಊರಿನಲ್ಲಿ ಹೊಲಿಗೆಯಂಗಡಿ ನಡೆಸುವ ಅವರ ತಂಗಿ ಬಂದದ್ದು ಆ ದಿನಗಳಲ್ಲಿ. ಅಣ್ಣ ಅಂಗಿಯನ್ನು ತಿರುವುಮುರುವು ಹಾಕಿಕೊಂಡದ್ದನ್ನೂ ಒಲೆಯ ಮೇಲಿನ ಪಾತ್ರೆ ಕರಿಹಿಡಿದದ್ದನ್ನೂ ನೋಡಿ ಆಕೆ ಪಟ್ಟು ಹಿಡಿದಳು.

"ಸುಮ್ನೆ ನನ್ನ ಜೊತೆ ಬಂದುಬಿಡು, ಅಣ್ಣ."

"ನಾನು ಕಣ್ಣಿಲ್ಲದೇನೂ ಬದುಕ್ತೀನಿ ಕಣೇ."

"ಬದುಕ್ತೀಯ, ಬದುಕ್ತೀಯ! ಕಣ್ಣಿಲ್ಲದೆ ಆ ನಿನ್ನ ಹುಳದಲ್ಲಿ ಒಂದು ಮೀನು ಹಿಡಿದು ತೋರಿಸು, ಆಮೇಲೆ ನಾನು ತುಟಿ ಪಿಟಕ್ ಅನ್ನಲ್ಲ. ಈ ತಿಂಗಳು ಮುಗಿದ ಮೇಲೆ ಬರ್ತೀನಿ."

ಆಕೆ ಆಡಿದ್ದು ಸಿಟ್ಟಿನ ಭರದಲ್ಲಿ. ಅವರು ಅದನ್ನು ಒಪ್ಪಂದವೆಂದು ತೆಗೆದುಕೊಂಡರು.

ಕೆರೆಯವರೆಗೆ ಕೈಹಿಡಿದು ಕರೆದೊಯ್ಯುವ ಕೆಲಸ ನನ್ನದಾಯಿತು, ಒಂದು ಷರತ್ತಿನೊಂದಿಗೆ: "ದಾರಿಯಲ್ಲಿ ಕಲ್ಲಿದ್ರೆ ಹೇಳಿ. ನೀರಲ್ಲಿ ಏನಿದ್ರೂ ಹೇಳಬೇಡಿ."

ಹುಳದ ಮುಂದೆ ಸೀಸದ ಗುಂಡೊಂದಿರುತ್ತದೆ. ಅದು ತಳದ ಕಲ್ಲಿಗೆ ತಾಗಿದರೂ ದಾರದಲ್ಲಿ ತಟ್ಟನೆ ಒಂದು ಮಿಡಿತ, ಮೀನು ಹುಳವನ್ನು ಬಾಯಿಗೆ ಸೆಳೆದುಕೊಂಡರೂ ಒಂದು ಮಿಡಿತ. ಎರಡನೆಯದು ಕೊಂಚ ಮೃದು, ಅಷ್ಟೆ. ಮೊದಲ ದಿನಗಳಲ್ಲಿ ಅವರು ಪ್ರತಿ ಕಲ್ಲನ್ನೂ ಮೀನೆಂದು ಎಳೆದು, ಕೊಕ್ಕೆ ಸಿಕ್ಕಿಸಿಕೊಂಡು, ದಾರ ಹರಿದುಕೊಂಡರು. ಆಮೇಲೆ ಅತಿ ಎಚ್ಚರಿಕೆಯಿಂದ ಮೀನನ್ನೂ ಕಲ್ಲೆಂದು ಬಿಟ್ಟರು. ಆದರೂ ಆ ದಿನಗಳಲ್ಲಿ ಅವರ ಮುಖದ ಮೇಲೆ ನಾನು ಹಿಂದೆಂದೂ ಕಾಣದ ಕುತೂಹಲವೊಂದು ಮೂಡಿತ್ತು. ದಾರದ ಮೇಲೆ ತೋರುಬೆರಳಿಟ್ಟು, "ಇಲ್ಲಿ ಜಲ್ಲಿ... ಈಗ ಕೆಸರು... ಇಲ್ಲೊಂದು ಮುಳುಗಿದ ಮರ, ಮೂರು ಕೊಂಬೆ" ಎಂದು ಓದುತ್ತಿದ್ದರು. "ನಲವತ್ತು ವರ್ಷ ಈ ಕೆರೆಯ ಸೂರನ್ನ ನೋಡಿದ್ದೇ ಬಂತು. ಒಳಗೆ ಕಾಲಿಟ್ಟದ್ದು ಈಗ."

ತಿಂಗಳ ಕೊನೆಯ ದಿನ, ಮಧ್ಯಾಹ್ನ. ಮರುದಿನ ತಂಗಿ ಬರುವವಳು. ಹುಳ ತಳ ಸೇರಿ ಸ್ವಲ್ಪ ಹೊತ್ತಾಗಿತ್ತು. ನೀರನ್ನು ಕೊಯ್ದುಕೊಂಡು ದಾರ ಮೆಲ್ಲಗೆ ಎಡಕ್ಕೆ ಸರಿಯತೊಡಗಿದ್ದು ನನಗೆ ಸ್ಪಷ್ಟವಾಗಿ ಕಂಡಿತು. ಕಲ್ಲು ನಡೆಯುವುದಿಲ್ಲ. ಮಾವ ಅಲುಗಲಿಲ್ಲ. ಬೆರಳು ದಾರದ ಮೇಲಿತ್ತು, ಹುಬ್ಬು ಗಂಟಾಗಿತ್ತು. ಅವರು ಅಳೆಯುತ್ತಿದ್ದರೋ, ಅನುಮಾನಿಸುತ್ತಿದ್ದರೋ ನಾನರಿಯೆ. ದಾರ ಇನ್ನೊಂದು ಗೇಣು ಸರಿಯಿತು. ನನ್ನ ಬಾಯಿಂದ ಮಾತು ಜಾರಿಬಿಟ್ಟಿತು:

"ಎಳೀರಿ ಮಾವ!"

ಎಳೆದರು. ಮೀನು ಸಿಕ್ಕಿತು. ಎರಡು ಗೇಣು ಉದ್ದದ, ತುಂಬು ಹೊಟ್ಟೆಯ ಮೀನು. ಅದರ ಕೆಳದವಡೆಯನ್ನು ಹೆಬ್ಬೆರಳಿನಲ್ಲಿ ಹಿಡಿದು ಕೊಕ್ಕೆ ಬಿಡಿಸಿದರು.

"ನೀವು ಕೂಗದಿದ್ರೆ ನಾನು ಎಳೀತಿದ್ನಾ?"

"ಎಳೀತಿದ್ರಿ, ಮಾವ."

"ನಿಮಗೆ ಹೇಗೆ ಗೊತ್ತು? ನನಗೇ ಗೊತ್ತಿಲ್ಲ." ಮೀನನ್ನು ನೀರಿಗೆ ಇಳಿಸುತ್ತ ಮೆಲ್ಲಗೆ ಹೇಳಿದರು: "ಇನ್ನು ಗೊತ್ತಾಗೋದೂ ಇಲ್ಲ."

ಹೊತ್ತು ಮುಳುಗುವವರೆಗೆ ಎಸೆಯುತ್ತಲೇ ಇದ್ದರು. ಮತ್ತೆ ಸಿಕ್ಕಿದ್ದು ಬರೀ ಕಲ್ಲು.

ಬೆಳಿಗ್ಗೆ ತಂಗಿ ಬಂದ ಕೂಡಲೇ ನಾನೇ ಮುಂದಾಗಿ, ಮೀನು ಸಿಕ್ಕಿತೆಂದೆ. ಆಕೆಯ ಕಣ್ಣು ತುಂಬಿತು. ಸೋಲುವುದಕ್ಕೆ ಆಕೆ ಸಿದ್ಧಳಾಗಿಯೇ ಬಂದಂತಿತ್ತು. ಮಾವ ಮಾತ್ರ, "ಹಿಡಿದದ್ದು ಇವರು. ಕೋಲು ನನ್ನ ಕೈಲಿತ್ತು ಅಷ್ಟೆ" ಎಂದರು.

"ಹೋಗ್ಲಿ ಬಿಡು ಅಣ್ಣ, ಇನ್ನೊಂದು ತಿಂಗಳು ನೋಡೋಣ."

"ಬೇಡ ಕಣೇ. ನಿನ್ನೆವರೆಗೆ ನನ್ನ ಬೆರಳಿಗೆ ಗೊತ್ತಾಗುತ್ತೆ ಅಂದ್ಕೊಂಡಿದ್ದೆ. ಈಗ ಗೊತ್ತಾಗುತ್ತಾ ಇಲ್ವಾ ಅನ್ನೋದೇ ಗೊತ್ತಿಲ್ಲ. ಅಂಥವನು ಒಲೆ ಹಚ್ಚಿಕೊಂಡು ಒಬ್ಬನೇ ಇರಬಾರದು."

ಪರರ ಕಣ್ಣಿನಿಂದ ದೊರೆತ ಗೆಲುವನ್ನು ತಮ್ಮದೆಂದು ಒಪ್ಪದ ಜನ ಲೋಕದಲ್ಲಿ ವಿರಳ. ಅವರು ವೈರಿಗಳಿಂದ ಸೋಲುವವರಲ್ಲ. ಸೋಲುವುದು ಮಮತೆಯಿಂದ, ಅವರ ಮೌನವನ್ನು ಸಹಿಸಲಾರದೆ ಒಂದು ಕ್ಷಣ ಮೊದಲು ಬಾಯಿ ತೆರೆಯುವ ನನ್ನಂಥ ಹಿತೈಷಿಗಳಿಂದ. ಆತ್ಮವಿಶ್ವಾಸವೆಂಬುದು ಅಂಥವರಿಗೆ ತಾವೇ ಕತ್ತಲಲ್ಲಿ ತಡವಿ ಪಡೆಯಬೇಕಾದ ವಸ್ತು. ದೀಪ ಹಿಡಿದು ಹುಡುಕಿಕೊಟ್ಟರೆ ಅದು ಅವರ ಕೈಸೇರುವುದಿಲ್ಲ.

ತಂಗಿ ಚೀಲಗಳನ್ನು ಗಾಡಿಯಲ್ಲಿಟ್ಟಳು. ಮಾವ ತಾವೇ ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿ, ಜಗಲಿಯ ಅಂಚಿಗೆ ಬಂದು ನಿಂತರು. ನಾನು ಕೈಚಾಚಿದೆ.

"ಕೈ ಬೇಡ. ಎಷ್ಟು ಮೆಟ್ಟಿಲು ಹೇಳಿ, ಸಾಕು."

ಅವರು ಹುಟ್ಟಿದಂದಿನಿಂದ ಹತ್ತಿ ಇಳಿದ ಮೆಟ್ಟಿಲುಗಳು. "ಮೂರು" ಎಂದೆ. ನನ್ನ ಮಾತನ್ನು ನಂಬಿ, ಒಂದೊಂದಾಗಿ ಎಣಿಸುತ್ತ, ಅವರು ಇಳಿದುಹೋದರು.