ಸುಳ್ಳು ಸಾಕ್ಷಿ ಹೇಳದ ಟೋಪಿ

ನಾನು ಒಂದು ಟೋಪಿ. ನನ್ನ ಬೆಲೆಗೆ ಒಂದು ಜೊತೆ ಒಳ್ಳೆಯ ಎತ್ತು ಬರುತ್ತವೆ; ಆದರೂ ಬಿಸಿಲಿಗೆಂದು ಯಾರೂ ನನ್ನನ್ನು ಹಾಕಿಕೊಳ್ಳಲಾರರು. ಮೈತುಂಬ ತಂತಿ. ಪರದೇಶದ ಕಾರ್ಖಾನೆಯಲ್ಲಿ ಹುಟ್ಟಿ, ಹಡಗು ಹತ್ತಿ, ಹುಬ್ಬಳ್ಳಿಯ ಆಸ್ಪತ್ರೆಯೊಂದಕ್ಕೆ ಬಂದೆ. ತಲೆಯ ಮೇಲೆ ಕೂತು ಮಿದುಳಿನ ಮಿಡಿತವನ್ನು ಗೆರೆಯಾಗಿ ತೋರಿಸುವುದು ನನ್ನ ಕೆಲಸ. ಮೂರ್ಛೆ ಹೋಗುವವರು, ನಿದ್ದೆ ಬಾರದವರು, ಎಲ್ಲರನ್ನೂ ಕಂಡಿದ್ದೇನೆ. ಸಾಹುಕಾರನ ತಲೆಯಾದರೂ ಒಳಗೆ ಅದೇ ಗದ್ದಲ.

ಆಮೇಲೆ ಡಾಕ್ಟರ್ ಪ್ರಭಾವತಿ ನನ್ನನ್ನು ತಮ್ಮ ಸಂಶೋಧನೆಗೆ ತೆಗೆದುಕೊಂಡರು. ತಾಳದ ಅರಿವು ಹುಟ್ಟಿನಿಂದ ಬರುತ್ತದೋ, ಕಲಿತು ಬರುತ್ತದೋ ಎಂಬುದು ಅವರ ಪ್ರಶ್ನೆ. ಸುದ್ದಿ ಕೇಳಿ ಚನಬಸಪ್ಪಜ್ಜ ಬಂದ. ಕರಡಿ ಎಂಬ ದೊಡ್ಡ ಚರ್ಮವಾದ್ಯ ಬಾರಿಸುವ ಮನೆತನದ ಹಿರಿಯ. ಜೊತೆಗೆ ಮೊಮ್ಮಗಳು ದಾಕ್ಷಾಯಣಿ. ಮಗ ಸೊಸೆ ದತ್ತು ತಂದು ಸಾಕಿದ ಹುಡುಗಿ. ಕರಡಿ ಕಲಿಸು ಎಂದು ಅವಳ ಹಟ. ಮನೆಯ ರಕ್ತಕ್ಕೆ ಮಾತ್ರ ಕಲಿಸುವುದು ಎಂದು ಅಜ್ಜನ ಹಟ.

"ಬಾಯಾರ, ಇದರ ತಲ್ಯಾಗ ತಾಳ ಹುಟ್ಟೇತೋ ಇಲ್ಲೋ, ನಿಮ್ಮ ಮಿಷನ್ ಹೇಳಲಿ. ಅದು ಹೇಳಿದಂಗ ಕೇಳ್ತೀನಿ."

ನನ್ನನ್ನು ಅವಳಿಗೆ ತೊಡಿಸಿದರು. ಕಿವಿಗೆ ಕರಡಿಯ ಸದ್ದು ಬಿಟ್ಟರು. ನಡುನಡುವೆ ಒಂದು ಪೆಟ್ಟನ್ನು ಬೇಕೆಂದೇ ತಪ್ಪಿಸಿದ್ದರು. ಗೆರೆಗಳು ಕಲಸಿದ ಶಾವಿಗೆಯಂತಾದವು.

"ನೋಡ್ರಿ, ಏನೂ ಇಲ್ಲ!" ಅಜ್ಜ ಎದ್ದೇಬಿಟ್ಟ.

ಇಲ್ಲದೆ ಏನು? ತಲೆಗೆ ಎಣ್ಣೆಯಿಲ್ಲದೆ ಊರು ಬಿಡಬಾರದೆಂದು ಅವಳವ್ವ ಕೊಬ್ಬರಿ ಎಣ್ಣೆ ಸುರಿದು ಕಳಿಸಿದ್ದಳು. ಜಾರುವ ತಲೆಯ ಮೇಲೆ ಕೂತು ನಾನು ಏನು ಕೇಳಿಸಿಕೊಳ್ಳಲಿ?

ಡಾಕ್ಟರ್ ನಕ್ಕು ತಲೆ ತೊಳೆಸಿದರು. ಈ ಸಲ ಪೆಟ್ಟು ತಪ್ಪಿದಾಗಲೆಲ್ಲ ಗೆರೆ ಎದ್ದು ನಿಂತಿತು.

"ಹುಟ್ಟಿನಿಂದ ಬಂದದ್ದೇನ್ರಿ?" ಅಜ್ಜನ ದನಿ ಇಳಿದಿತ್ತು.

"ತಾಳ ತಪ್ಪಿದ್ದು ಆಕಿಗೆ ಗೊತ್ತಾತು, ಅಷ್ಟ. ಎಲ್ಲಿಂದ ಬಂತು ಅನ್ನೂದನ್ನ ಇದು ಹೇಳಂಗಿಲ್ಲ. ಹುಟ್ಟುತ್ತ ಬಂದಿರಬಹುದು, ನಿಮ್ಮ ಮನಿಯೊಳಗ ಕೇಳಿ ಕೇಳಿ ಬಂದಿರಬಹುದು."

"ಮತ್ತ ಯಾವ ಸುಖಕ್ಕ ಈ ಟೊಪಿಗಿ?"

ನನಗೆ ಸಿಟ್ಟು ಬಂತು. ಕಂಡದ್ದನ್ನು ಹೇಳಿದೆನಲ್ಲ! ಗೆರೆಗೆ ಕುಲದ ಗುರುತಿಲ್ಲ, ತವರಿನ ವಿಳಾಸವಿಲ್ಲ. ಕಾಣದ್ದಕ್ಕೆ ಸಾಕ್ಷಿ ಹೇಳು ಎಂದು ಎಂಥ ದೊಡ್ಡವರು ಬಂದು ಕೇಳಿದರೂ ನಾನು ಹೇಳಲಾರೆ.

ದಾಕ್ಷಾಯಣಿ ನನ್ನನ್ನು ತಾನೇ ಕಿತ್ತು ಮೇಜಿನ ಮೇಲಿಟ್ಟಳು. "ಮುತ್ಯಾ, ಇದಕ್ಕೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಕಲಿಸಿ ನೋಡು. ಬರದಿದ್ರ ಬಾರಕೋಲು ತಗೊಂಡು ಬಡಿ."

"ಬಾಯಿ ನೋಡು ಇದರದು! ಥೇಟ್ ನಮ್ಮವ್ವಂದು," ಎಂದವನೇ ಅಜ್ಜ ತಬ್ಬಿಬ್ಬಾದ. ಚಪ್ಪಲಿ ಹುಡುಕುವವನಂತೆ ನೆಲ ನೋಡಿದ. "ನಾಳಿಂದ ಕರಡಿ ಮುಂದ ಕೂಡು."

ಈಗ ನನ್ನ ತಂತಿಗಳು ಹರಿದಿವೆ. ಉಗ್ರಾಣದ ಮೂಲೆಯಲ್ಲಿ, ಮುಚ್ಚಳವಿಲ್ಲದ ಡಬ್ಬಿಯಲ್ಲಿದ್ದೇನೆ. ಡಾಕ್ಟರಿಗೆ ಬೇಕಾಗಿದ್ದ ಉತ್ತರ ನನ್ನಿಂದ ಕೊನೆಗೂ ಸಿಗಲಿಲ್ಲ. ದಾಕ್ಷಾಯಣಿಗೆ ಕರಡಿ ಸಿಕ್ಕಿತು.