ಹೊಗೆಕೋಣೆಯ ಗೋಡೆಯ ಮೇಲೆ ಸಕೀನಾ

ಈಜಿಪ್ಟಿನ ಅಸ್ವಾನ್ ಪೇಟೆಯ ಎದುರಿಗೆ, ನೈಲ್ ನದಿಯ ಪಶ್ಚಿಮ ದಡದಲ್ಲಿ ನಮ್ಮ ನೂಬಿಯಾದವರ ಊರು. ಇಲ್ಲಿ ಹುಡುಗಿಗೆ ಮದುವೆ ಗೊತ್ತಾಯಿತು ಎಂದರೆ ಎರಡು ಕೆಲಸ ಎಲ್ಲರ ಕಣ್ಣೆದುರಿಗೆ ನಡೆಯುತ್ತವೆ. ಮನೆಗೆ ಸುಣ್ಣ ಬಳಿಯುತ್ತಾರೆ, ಗೋಡೆಗಳಿಗೆ ಚಿತ್ರ ಬರೆಸುತ್ತಾರೆ. ಮೂರನೆಯ ಕೆಲಸ ಮಾತ್ರ ಬಾಗಿಲು ಹಾಕಿಕೊಂಡು ನಡೆಯುತ್ತದೆ. ಹುಡುಗಿಯನ್ನು ಬೆಳ್ಳಗೆ ಮಾಡುವ ಕೆಲಸ.

ಸಕೀನಾ ತನ್ನ ಮಗಳು ನಬ್ರಾಳಿಗೆ ಅಂಥ ಕ್ರೀಮಿನ ಡಬ್ಬಿಯೊಂದನ್ನು ತಾನೇ ತಂದುಕೊಟ್ಟಳು. ದೋಣಿಯಲ್ಲಿ ಆಚೆ ದಡಕ್ಕೆ ಹೋಗಿ, ಮಸಾಲೆ ಅಂಗಡಿಗಳ ಸಾಲು ಮುಗಿಯುವಲ್ಲಿ ಕೂತಿದ್ದ ಒಬ್ಬನಿಂದ ತಂದಳು. ಬಿಳಿ ಡಬ್ಬಿ. ಮೇಲೆ ಹೆಸರಿಲ್ಲ, ಒಳಗೆ ಏನಿದೆ ಅಂತ ಬರೆದಿಲ್ಲ.

"ಆರೇ ವಾರ ಸಾಕಮ್ಮ. ಆಮೇಲೆ ಮಗಳನ್ನ ನೀವೇ ಗುರುತು ಹಿಡಿಯಲ್ಲ ನೋಡಿ," ಎಂದಿದ್ದ ಅವನು.

ಸಕೀನಾಳಿಗೆ ಬೇಕಾಗಿದ್ದದ್ದೂ ಅದೇ. ಮದುವೆಯಾದ ಹೊಸದರಲ್ಲಿ ಅವಳು ಒಂಬತ್ತು ವರ್ಷ ಕೈರೋದಲ್ಲಿದ್ದಳು. ಗಂಡ ಒಂದು ದೊಡ್ಡ ಮನೆಯಲ್ಲಿ ಅಡುಗೆಯವನು. ಆ ಮನೆಯ ಪುಟ್ಟ ಹುಡುಗಿಗೆ ಒಂದು ದಿನ ಖರ್ಜೂರ ಕೊಡಹೋದರೆ, ಮಗು ಇವಳ ಕೈ ನೋಡಿ, "ಮೊದಲು ಕೈ ತೊಳ್ಕೊಂಡು ಬಾ," ಎಂದಿತು. ಸಕೀನಾ ಕೈ ತೊಳೆದೇ ಬಂದಿದ್ದಳು. ಆದರೂ ಹೋಗಿ ಇನ್ನೊಮ್ಮೆ ತೊಳೆದಳು. ಇಪ್ಪತ್ತು ವರ್ಷವಾದರೂ ಆ ಮಾತು ಅವಳ ಒಳಗಿನಿಂದ ಹೋಗಿರಲಿಲ್ಲ. ನಬ್ರಾಳ ಮದುವೆ ಗೊತ್ತಾದ ಹುಡುಗ ಖೈರಿಗೂ ಕೈರೋದಲ್ಲೇ ಕೆಲಸ. ತನ್ನ ಮಗಳಿಗೆ ಯಾರೂ ಹಾಗೆ ಹೇಳಬಾರದು, ಅಷ್ಟೇ.

ಮೊದಲ ಎರಡು ವಾರ ನಬ್ರಾಳ ಮುಖ ಹೊಳೆಯಿತು. ಅಕ್ಕಪಕ್ಕದವರೆಲ್ಲ, "ಏನೇ ಸಕೀನಾ, ಮಗಳಿಗೆ ಹಾಲು ಕುಡಿಸ್ತಿದ್ದೀಯೋ, ಹಾಲಲ್ಲಿ ಅದ್ದುತಿದ್ದೀಯೋ?" ಎಂದು ನಕ್ಕರು. ಸಕೀನಾಳಿಗೆ ಹಿಗ್ಗು. ಮುಖಕ್ಕೆ ಹಚ್ಚುತ್ತಿದ್ದದ್ದನ್ನು ಕೈಗೆ, ಕುತ್ತಿಗೆಗೆ, ಬೆನ್ನಿಗೆಲ್ಲ ಹಚ್ಚತೊಡಗಿದರು. ಬೆನ್ನಿಗೆ ಸಕೀನಾಳೇ ಉಜ್ಜುತ್ತಿದ್ದಳು.

ನಾಲ್ಕನೆಯ ವಾರ ನಬ್ರಾ, "ಅಮ್ಮ, ಬಿಸಿಲಿಗೆ ಹೋದ್ರೆ ಮೈಯೆಲ್ಲ ಉರಿಯತ್ತೆ," ಎಂದಳು.

"ಉರಿದ್ರೆ ಕೆಲಸ ಮಾಡ್ತಿದೆ ಅಂತ ಅರ್ಥ. ತಡ್ಕೋ."

ಐದನೆಯ ವಾರ ಕೆನ್ನೆಯ ಮೇಲೆ ತೇಪೆ ಹಾಕಿದಂತೆ ಅಲ್ಲಲ್ಲಿ ಕೆಂಪು, ಅಲ್ಲಲ್ಲಿ ಬೂದಿಬಣ್ಣ. ಬೆಳಿಗ್ಗೆ ಎದ್ದರೆ ಕಣ್ಣಿನ ರೆಪ್ಪೆ ಊದಿಕೊಂಡಿರುತ್ತಿತ್ತು.

ಅದೇ ವಾರ ಊರಿನ ಆರೋಗ್ಯ ಕೇಂದ್ರದ ನರ್ಸ್ ಅವಾತಿಫ್ ಪಕ್ಕದ ಮನೆಯ ಮಗುವಿಗೆ ಲಸಿಕೆ ಹಾಕಲು ಬಂದವಳು, ಒಂದು ಲೋಟ ಕೆಂಪು ದಾಸವಾಳದ ಷರಬತ್ತು ಕುಡಿದುಹೋಗೋಣ ಎಂದು ಇವರ ಅಂಗಳಕ್ಕೆ ಕಾಲಿಟ್ಟಳು. ಲೋಟ ತಂದುಕೊಟ್ಟ ನಬ್ರಾಳನ್ನು ನೋಡಿದವಳೇ ಲೋಟ ಕೆಳಗಿಟ್ಟಳು.

"ಏನೇ ಇದು ಕಣ್ಣು? ಅತ್ತಿದ್ದೀಯಾ?"

"ಇಲ್ಲ ಸಿಸ್ಟರ್."

"ಕಾಲು ತೋರ್ಸು." ಅವಾತಿಫ್ ಬಗ್ಗಿ ಹೆಬ್ಬೆರಳಿನಿಂದ ಕಾಲನ್ನು ಒತ್ತಿದಳು. ಒತ್ತಿದಲ್ಲಿ ಗುಳಿ ಬಿತ್ತು, ಬೇಗ ಮೇಲೆ ಬರಲಿಲ್ಲ. "ಮೂತ್ರದಲ್ಲಿ ನೊರೆ ಬರತ್ತಾ?"

ನಬ್ರಾ ನಾಚಿಕೊಂಡು ಹೌದೆಂದು ತಲೆಯಾಡಿಸಿದಳು.

"ಸಕೀನಾ, ಡಬ್ಬಿ ಎಲ್ಲಿ?"

"ಯಾವ ಡಬ್ಬಿ?"

"ನನ್ನ ಹತ್ರ ನಾಟಕ ಬೇಡ. ಈ ಬೀದೀಲಿ ಇದು ನಾನು ನೋಡ್ತಿರೋ ಮೂರನೇ ಮುಖ."

ಸಕೀನಾ ಡಬ್ಬಿ ತಂದಳು. ತರುವಾಗಲೇ ಅವಳ ದನಿ ಏರಿತ್ತು. "ಎಲ್ಲರೂ ಹಚ್ತಾರೆ ಸಿಸ್ಟರ್. ಪೇಟೇಲಿ ರಾಜಾರೋಷವಾಗಿ ಮಾರ್ತಾರೆ. ವಿಷ ಆಗಿದ್ರೆ ಮಾರೋಕೆ ಬಿಡ್ತಿದ್ರಾ? ಮುಖಕ್ಕೆ ಹಚ್ಚೋ ಕ್ರೀಮು ಕಾಲಿಗೆ ಹೇಗೆ ಊತ ತರತ್ತೆ?"

"ಚರ್ಮ ಅಂದ್ರೆ ಗೋಡೆ ಅಂದ್ಕೊಂಡ್ಯಾ? ಹಚ್ಚಿದ್ದು ಒಳಗೆ ಇಳಿಯತ್ತೆ. ಇಂಥ ಹೆಸರಿಲ್ಲದ ಡಬ್ಬಿಗಳಲ್ಲಿ ಎಷ್ಟೋ ಸಲ ಪಾದರಸ ಇರತ್ತೆ. ಬಣ್ಣ ಹೋಗೋದು ಅದರಿಂದ. ಅದು ರಕ್ತಕ್ಕೆ ಸೇರಿ ಕಿಡ್ನಿಗೆ ಹೋಗಿ ಕೂರತ್ತೆ. ಬಸುರಿ ಹಚ್ಚಿದ್ರೆ ಹೊಟ್ಟೇಲಿರೋ ಮಗೂಗೂ ಹೋಗತ್ತೆ. ಬೆನ್ನಿಗೆ ಯಾರು ಹಚ್ಚಿದ್ದು?"

"ನಾನೇ."

"ಹಾಗಾದ್ರೆ ನೀನೂ ಹೊರಡು. ನಿನ್ನದೂ ಪರೀಕ್ಷೆ ಆಗ್ಬೇಕು. ಡಬ್ಬೀನೂ ತಗೋ, ಡಾಕ್ಟರು ನೋಡ್ಲಿ."

ಆಚೆ ದಡದ ಆಸ್ಪತ್ರೆಯಲ್ಲಿ ಅವಾತಿಫ್ ಹೇಳಿದ್ದೇ ನಿಜವಾಯಿತು. ಸಕೀನಾಳಿಗೆ ಅಪಾಯವಿರಲಿಲ್ಲ. ನಬ್ರಾ ಮಾತ್ರ ಅಲ್ಲೇ ಹನ್ನೊಂದು ದಿನ ಹಾಸಿಗೆ ಹಿಡಿದಳು. "ಇನ್ನೂ ಒಂದೆರಡು ತಿಂಗಳು ಹಚ್ಚಿದ್ದರೆ ಕಿಡ್ನಿ ಉಳಿಸೋದು ಕಷ್ಟ ಆಗ್ತಿತ್ತು. ಈಗ ಬಂದಿದ್ದೀರಿ, ಸರಿಹೋಗತ್ತೆ," ಎಂದರು ಡಾಕ್ಟರು. ಮದುವೆಯನ್ನು ಮೂರು ತಿಂಗಳು ಮುಂದೆ ಹಾಕಿದರು. ಸಕೀನಾ ಫೋನ್ ಮಾಡಿ ಖೈರಿಗೆ ಎಲ್ಲವನ್ನೂ ಹೇಳಿದಳು.

ಖೈರಿ ಕೊನೆಯವರೆಗೂ ಕೇಳಿಸಿಕೊಂಡ. ಆಮೇಲೆ ಅವನು, "ಅತ್ತೆ, ನಾನು ಕೇಳಿದ್ದು ನಬ್ರಾನ. ನೀವು ಯಾರನ್ನ ತಯಾರು ಮಾಡ್ತಿದ್ರಿ?" ಎಂದ.

ಸಕೀನಾ ಆ ಮಾತನ್ನು ಮಗಳಿಗೆ ಹೇಳಿದಳು. ನಬ್ರಾಳಿಗೆ ಅದರಿಂದ ಸಮಾಧಾನವಾಗಲಿಲ್ಲ. "ಅವನು ಈಗಿನ ನನ್ನ ಮುಖ ನೋಡಿಲ್ಲ, ಅದಕ್ಕೆ ಹಾಗಂತಾನೆ," ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ಮನೆಗೆ ಬಂದ ಮೇಲೂ ಅಂಗಳಕ್ಕೆ ಬರಲಿಲ್ಲ. ಕನ್ನಡಿಯ ಮೇಲೆ ಶಾಲು ಹೊದಿಸಿದಳು.

ಸಕೀನಾಳ ಅಕ್ಕ ಫಿಕ್ರಿಯಾ ಬಂದದ್ದು ಆಗ. ಈ ದಡದ ಅರ್ಧ ಮನೆಗಳ ಗೋಡೆ ಬರೆದವಳು ಅವಳೇ. ದಪ್ಪ ಹೆಂಗಸು, ಬಾಯಿ ಜೋರು, ಉಗುರಿನ ಸಂದಿಯಲ್ಲಿ ಸದಾ ಬಣ್ಣ. ಮನೆಯೆಲ್ಲ ಸುತ್ತಾಡಿ ಕೊನೆಗೆ ಹಿಂದಿನ ಹೊಗೆಕೋಣೆಯಲ್ಲಿ ನಿಂತಳು. ಮದುಮಗಳನ್ನು ಪರಿಮಳದ ಕಟ್ಟಿಗೆಯ ಹೊಗೆಯ ಮೇಲೆ ಕಂಬಳಿ ಸುತ್ತಿ ಕೂರಿಸುವ ಜಾಗ ಅದು. ಗಂಡಸರು ಅತ್ತ ಸುಳಿಯುವುದಿಲ್ಲ.

"ಹೊರಗಿನ ಗೋಡೆಗೆ ಮೊಸಳೆ, ದೋಣಿ ಬರೆದೂ ಬರೆದೂ ಸಾಕಾಗಿದೆ. ಇಲ್ಲಿ ಒಬ್ಬಳು ಹೆಂಗಸನ್ನ ಬರೀತೀನಿ. ನಬ್ರಾನ ಕರಿ, ಕೂತ್ಕೊಳ್ಲಿ."

"ಬರಲ್ಲ ಅಕ್ಕ. ಅವಳು ಯಾರಿಗೂ ಮುಖ ತೋರ್ಸಲ್ಲ."

"ಸರಿ. ನೀನು ಕೂತ್ಕೋ."

ಸಕೀನಾ ನಕ್ಕುಬಿಟ್ಟಳು. "ನಾನಾ? ಹೋಗಿ ಒಂಟೇನ ಕೂರಿಸ್ಕೋ. ನಲವತ್ತೇಳು ವರ್ಷದ ಹೊಟ್ಟೆ, ಈ ಸೊಂಟ, ಈ ಬಣ್ಣ!"

"ಒಂಟೆ ಆಗ್ಲೇ ಬರೆದಾಯ್ತು, ಮೂರು ಮನೇಲಿ. ಕೂತ್ಕೊಳ್ಳೇ."

ಹಾಗೆ ಸಕೀನಾ ಕೂತಳು. ಹೊಗೆಯಿಂದ ಎದ್ದುಬಂದ ಹೆಂಗಸಿನ ಹಾಗೆ ಒಂದು ಬಟ್ಟೆಯನ್ನು ಎದೆಗೆ ಸುತ್ತಿ, ಭುಜ ಬಿಟ್ಟು. ಮೊದಲ ದಿನ ಎರಡು ಸಲ ಬಟ್ಟೆಯನ್ನು ಕುತ್ತಿಗೆಗೆ ಎಳೆದುಕೊಂಡಳು. ಎರಡು ಸಲವೂ ಫಿಕ್ರಿಯಾ ಬಂದು ಕೆಳಗಿಳಿಸಿದಳು. ಫಿಕ್ರಿಯಾ ಸಾಲಾಗಿ ಬಟ್ಟಲುಗಳನ್ನು ಇಟ್ಟುಕೊಂಡು ಬಣ್ಣ ಕಲಸುತ್ತಿದ್ದುದನ್ನು ನೋಡಿ ಸಕೀನಾಳಿಗೆ ತಡೆಯಲಾಗಲಿಲ್ಲ.

"ಯಾಕೆ ಅಷ್ಟೆಲ್ಲ ಒದ್ದಾಡ್ತೀಯಾ? ನನಗೆ ಒಂದು ಡಬ್ಬಿ ಕಪ್ಪು ಸಾಕಲ್ಲ."

"ಡಬ್ಬಿ ಕಪ್ಪು ಬೆಕ್ಕಿಗೆ. ನಿನ್ನ ಭುಜಕ್ಕೆ ನೀಲಿ ಬೇಕು. ಕುತ್ತಿಗೆಗೆ ಕೆಮ್ಮಣ್ಣು. ಆ ಮೊಣಕೈ ಹತ್ರ ನೇರಳೆ ಇದೆ, ನೀನು ಯಾವತ್ತಾದ್ರೂ ನೋಡಿದ್ದೀಯಾ? ಆರು ಬಣ್ಣ ಕಲಸಿದ್ರೂ ನಿನ್ನ ಬಣ್ಣ ಇನ್ನೂ ಸಿಕ್ಕಿಲ್ಲ ನನಗೆ."

ಸಕೀನಾ ತನ್ನ ಮೊಣಕೈಯನ್ನು ತಿರುಗಿಸಿ ನೋಡಿಕೊಂಡಳು. ಮೇಲಿನ ಕಿಂಡಿಯಿಂದ ಬೆಳಕು ಬೀಳುತ್ತಿತ್ತು. ಹೌದು, ನೇರಳೆ ಇತ್ತು. ಅವಳ ಮೈಯಲ್ಲೇ ಇತ್ತು, ಇಷ್ಟು ವರ್ಷ.

ಐದನೆಯ ದಿನ ಫಿಕ್ರಿಯಾ ಕುಂಚ ಕೆಳಗಿಟ್ಟು, "ಬಾ, ನೋಡು," ಎಂದಳು.

ಸಕೀನಾ ಎದ್ದು ಬಂದಳು. ಗೋಡೆಯ ತುಂಬ ಒಬ್ಬ ಹೆಂಗಸು ಕೂತಿದ್ದಳು. ಭುಜದ ಮೇಲೆ ಎಣ್ಣೆಯ ಹೊಳಪು. ಕತ್ತಿನ ಮಡಿಕೆಗಳು ಸರ ಹಾಕಿದಂತೆ. ಅಗಲವಾದ ಸೊಂಟ, ನಾಲ್ಕು ಮಕ್ಕಳನ್ನು ಹೊತ್ತ ಹೊಟ್ಟೆ, ಆರಾಮಾಗಿ ತೊಡೆಯ ಮೇಲೆ ಬಿದ್ದಿರುವ ಕೈ. ಯಾರ ಅಪ್ಪಣೆಗೂ ಕಾಯದವಳ ಹಾಗೆ, ತನ್ನ ಮೈ ತನಗೆ ಹಿತವಾಗಿರುವವಳ ಹಾಗೆ ಕೂತಿದ್ದಳು. ಆ ಕಪ್ಪಿನೊಳಗೆ ನೀಲಿ, ಕೆಂಪು, ಬಂಗಾರ ಎಲ್ಲ ಉಸಿರಾಡುತ್ತಿದ್ದವು. ಮಸೀದಿಯೊಳಗೆ ಕಾಲಿಟ್ಟಾಗ ಆಗುವ ಹಾಗೆ ಸಕೀನಾಳ ದನಿ ತಾನಾಗಿ ತಗ್ಗಿತು.

"ಅಕ್ಕ... ನಾನು ಹೀಗಿದ್ದೀನಾ?"

"ನಾನು ಒಂದು ಗೆರೇನೂ ಸೇರಿಸಿಲ್ಲ."

ಸಕೀನಾ ಗೋಡೆಯ ಮೇಲಿನ ಕೈಯನ್ನೇ ನೋಡಿದಳು. ಒಂದು ಮಗು ತೊಳೆಯಲು ಕಳಿಸಿದ್ದ ಕೈ.

ಬಾಗಿಲಲ್ಲಿ ಸದ್ದಾಯಿತು. ನಬ್ರಾ ನಿಂತಿದ್ದಳು, ತಲೆವಸ್ತ್ರವನ್ನು ಕಣ್ಣಿನವರೆಗೆ ಎಳೆದುಕೊಂಡು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಮೆಲ್ಲಗೆ ಒಳಗೆ ಬಂದು, ಗೋಡೆಯನ್ನು ನೋಡಿದಳು, ತಾಯಿಯನ್ನು ನೋಡಿದಳು, ಮತ್ತೆ ಗೋಡೆಯನ್ನು ನೋಡಿದಳು.

"ಅಮ್ಮ, ಎಷ್ಟು ಚೆನ್ನಾಗಿದ್ದೀಯಾ ನೀನು," ಎಂದಳು. ಆಮೇಲೆ ತಾಯಿಯ ಕೈ ಹಿಡಿದು ಅತ್ತಳು. "ಎಲ್ಲರೂ ನಾನು ನಿನ್ನ ಥರಾನೇ ಅಂತಿದ್ರು. ಮತ್ತೆ ಯಾಕಮ್ಮ ಅದನ್ನ ಹಚ್ಚಿದೆ?"

ಸಕೀನಾ ಮಗಳನ್ನು ಎಳೆದು ಅಪ್ಪಿಕೊಂಡಳು. "ನಿನ್ನ ಮೈಮೇಲಿಂದ ನಾನು ನನ್ನನ್ನೇ ಉಜ್ಜಿ ತೆಗೀತಿದ್ದೆ ಕಣೇ. ತಪ್ಪಾಯ್ತು. ತಪ್ಪಾಯ್ತು ಮಗಳೇ."

ಫಿಕ್ರಿಯಾ ಮೂಗೊರೆಸಿಕೊಂಡು, "ಅತ್ತಿದ್ದು ಸಾಕು. ಬಣ್ಣ ಒಣಗತ್ತೆ. ನಬ್ರಾ, ಅಮ್ಮನ ಪಕ್ಕ ಜಾಗ ಇದೆ, ಕೂತ್ಕೋ," ಎಂದಳು.

"ಈ ಕಲೆಗಳು?"

"ಇರೋ ಹಾಗೇ ಬರೀತೀನಿ. ನೀನು ಬದುಕಿ ಬಂದಿದ್ದೀಯಾ, ಮುಚ್ಚಿಡೋದೇನಿದೆ?"

ನಬ್ರಾ ತಲೆವಸ್ತ್ರ ತೆಗೆದು ಕೂತಳು.

ಮೂರು ತಿಂಗಳಲ್ಲಿ ಊತ ಇಳಿಯಿತು. ಚರ್ಮ ಮುಕ್ಕಾಲು ಪಾಲು ತನ್ನ ಬಣ್ಣಕ್ಕೆ ಮರಳಿತು. ಮದುವೆಯ ಹಿಂದಿನ ದಿನ ಬೆಳಿಗ್ಗೆ ಊರಿನ ಹೆಂಗಸರು ಹಾಡುತ್ತ, ಡೋಲು ಬಡಿಯುತ್ತ ಹೊಗೆಕೋಣೆಗೆ ನುಗ್ಗಿದರು. ನುಗ್ಗಿದವರ ಹಾಡು ಬಾಗಿಲಲ್ಲೇ ನಿಂತಿತು. ಗೋಡೆಯ ಮೇಲೆ ತಾಯಿ, ಮಗಳು, ಇಬ್ಬರೂ ಕಪ್ಪಗೆ, ತುಂಬಿಕೊಂಡು, ಬೆಳಗುತ್ತ ಕೂತಿದ್ದರು. ತೊಂಬತ್ತು ದಾಟಿದ ಒಬ್ಬ ಮುದುಕಿ ಮುಂದೆ ಬಂದು, ಚಿತ್ರದ ಭುಜದ ಮೇಲೆ ಬೆರಳಿಟ್ಟು, ಅದೇ ಬೆರಳನ್ನು ತನ್ನ ಭುಜದ ಮೇಲೆ ಇಟ್ಟುಕೊಂಡಳು. "ನಾವು ಇಷ್ಟು ಚೆಂದ ಇದ್ದೀವಿ ಅಂತ ಯಾರೂ ನನಗೆ ಹೇಳ್ಲೇ ಇಲ್ಲ," ಎಂದಳು.

ಮರುವಾರ ಅವಾತಿಫಳ ಕೇಂದ್ರಕ್ಕೆ ಆರು ಡಬ್ಬಿಗಳು ಬಂದವು. ಹೆಂಗಸರು ತಾವಾಗಿಯೇ ತಂದುಕೊಟ್ಟದ್ದು.

ಇದನ್ನು ಓದುತ್ತಿರುವ ಅಕ್ಕ ತಂಗಿಯರೇ, ನಿಮ್ಮ ಮನೆಯಲ್ಲೂ ಅಂಥದ್ದೊಂದು ಡಬ್ಬಿ ಇರಬಹುದು. ಈಗಲೇ ತೆಗೆದು ನೋಡಿ. ಒಳಗೆ ಏನಿದೆ ಅಂತ ಬರೆದಿಲ್ಲವೇ? ಪಾದರಸ ಅಂತ ಬರೆದಿದೆಯೇ? ಹಚ್ಚಬೇಡಿ, ಮಕ್ಕಳ ಕೈಗೆ ಸಿಗದ ಹಾಗೆ ಮುಚ್ಚಿ ಆರೋಗ್ಯ ಕೇಂದ್ರಕ್ಕೆ ಒಯ್ದು ಕೊಡಿ. ಹಚ್ಚಿ ಆಗಿದ್ದರೆ, ಮುಖ ಕಾಲು ಊದಿದ್ದರೆ, ನಾಚಿಕೆ ಬಿಟ್ಟು ಇವತ್ತೇ ಡಾಕ್ಟರ ಹತ್ತಿರ ಹೋಗಿ, ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.

ಅಲ್ಲಿಂದ ಬಂದು ನಿಮ್ಮ ಮಗಳನ್ನು ಬೆಳಕಿನಲ್ಲಿ ಕೂರಿಸಿ. ಇದ್ದಿಲೋ ಸುಣ್ಣವೋ, ಕೈಗೆ ಸಿಕ್ಕಿದ್ದರಿಂದ ಅವಳನ್ನೊಮ್ಮೆ ಬರೆಯಿರಿ. ಬರೆಯಲು ಬರದಿದ್ದರೆ ಸುಮ್ಮನೆ ಕೂತು ಕಣ್ತುಂಬ ನೋಡಿ, ಏನು ಕಂಡಿತೋ ಅದನ್ನು ಬಾಯಿಬಿಟ್ಟು ಅವಳಿಗೆ ಹೇಳಿ.