ಮಗಳ ಬಗ್ಗೆ ಒಂದು ಒಳ್ಳೆಯ ಮಾತು

ಕೆಂಪು ಚುಕ್ಕೆ ಮಿನುಗುತ್ತಿದೆ, ಆರುತ್ತಿದೆ, ಮತ್ತೆ ಮಿನುಗುತ್ತಿದೆ, ಸ್ಲೇಟಿನಷ್ಟಗಲದ ಈ ಟ್ಯಾಬಿನಲ್ಲಿ ಅದಕ್ಕೊಂದಕ್ಕೇ ಜೀವ, ಮಾತಾಡ್ರಿ ಉಡಚಮ್ಮ, ಅದು ಕೇಳಿಸ್ಕೊಂತಾ ಐತೆ, ಆಮೇಲೆ ಮಗಳಿಗೆ ಕೇಳಿಸ್ತೀನಿ ಅಂದು ವಾಣಿಶ್ರೀ ಮಿಸ್ ಆಚೆ ಹೋಗಿ ನಿಂತರು, ಕೇಳಿಸಿಕೊಳ್ಳಬೇಕಾದದ್ದು ಇದಲ್ಲ, ನನ್ನ ಮಗಳು, ಹಾಸ್ಟೆಲ್ ಕೋಣೆಯಲ್ಲಿದ್ದಾಳೆ, ಜಗಳೂರಿಂದ ದಾವಣಗೆರೆ, ದಾವಣಗೆರೆಯಿಂದ ಹೊನ್ನಾಳಿ, ಎರಡು ಬಸ್ಸು ಹತ್ತಿ ಶೇಂಗಾ ಉಂಡೆ ಕಟ್ಟಿಕೊಂಡು ಬಂದ ಅವ್ವನ ಮುಖ ನೋಡಲ್ಲ ಅಂದಿದ್ದಾಳೆ — ಏನು ಹೇಳಲಿ ಈ ಚುಕ್ಕೆಗೆ, ಹೋದ ಶುಕ್ರವಾರ ಹೇಳಿದ್ದಕ್ಕೇ ಇಷ್ಟಾಗಿದೆ. ಆವತ್ತು ಕುರಿದೊಡ್ಡಿ ಗುಡಿಸುತ್ತಿದ್ದೆ, ಫೋನಿನಲ್ಲಿ ಮಿಸ್ ದನಿ ಬಂತು, ನಿಮ್ಮ ಮಗಳಲ್ಲಿ ನಿಮಗೇನು ಇಷ್ಟ ಅಂತ ನಿಮ್ಮ ಮಾತಲ್ಲೇ ಹೇಳಿ ಕಳಿಸ್ರಿ, ಕ್ಲಾಸಲ್ಲಿ ಎಲ್ಲರ ಮುಂದೆ ಕೇಳಿಸ್ತೀವಿ, ಮಕ್ಕಳ ಮನಸ್ಸಿಗೆ ಧೈರ್ಯ ಬರ್ತೈತೆ — ಎಲ್ಲರ ಮುಂದೆ ಅಂದದ್ದೇ ಪೊರಕೆ ಕೆಳಗಿಟ್ಟೆ, ಇಡೀ ಕ್ಲಾಸಿನ ಕಣ್ಣು ಬೀಳುತ್ತದೆ, ಹೆತ್ತವಳೇ ಬಾಯಿ ತುಂಬ ಹೊಗಳಿದರೆ ಆ ಮಗು ಬಾಳೀತೇ, ಭಾರೀ ಜಾಣೆ ನಾನು, ನಗುನಗುತ್ತಲೇ ಹೇಳಿದೆ, ನಮ್ಮ ತಿಪ್ಪೀದಾ, ಅದೇನ್ ಕೇಳ್ತೀರಿ ಮಿಸ್, ಕರೀಕೋತಿ, ಯಾತಕ್ಕೂ ಬರಲ್ಲ, ತಿನ್ನಾಕೆ ಮಾತ್ರ ಮುಂದು — ಕರೀಕೋತಿ ಅನ್ನುವಾಗ ಗಂಟಲು ತುಂಬ ಮುದ್ದೇ ಇತ್ತು, ಯಾರ ಕಣ್ಣಿಗೂ ಬೀಳದಂತೆ ಅದನ್ನು ಬಚ್ಚಿಟ್ಟಿದ್ದೆ, ಎಷ್ಟು ಚೆನ್ನಾಗಿ ಬಚ್ಚಿಟ್ಟಿದ್ದೆನೆಂದರೆ ನನ್ನ ಮಗಳಿಗೂ ಸಿಗಲಿಲ್ಲ.

ಬೇರೆ ಅವ್ವಂದಿರು ನನ್ನ ಮಗಳು ಚೆಂದ ಹಾಡ್ತಾಳೆ, ನನ್ನ ಮಗಳು ಬುದ್ಧಿವಂತೆ ಅನ್ನುತ್ತ ಬಂದ ಮೇಲೆ ಸ್ಪೀಕರಿನಲ್ಲಿ ನನ್ನ ದನಿ ಬಂತಂತೆ, ಕ್ಲಾಸಿಗೆ ಕ್ಲಾಸೇ ನಕ್ಕಿತಂತೆ, ಅಲ್ಲಿಯವರೆಗೆ ಎಲ್ಲರಿಗೂ ಸಂಧ್ಯಾರಾಣಿಯಾಗಿದ್ದವಳು ಸಂಜೆ ಊಟದ ಸಾಲಿನಲ್ಲಿ ತಿಪ್ಪಿ, ನಲ್ಲಿ ಹತ್ತಿರ ತಿಪ್ಪಿ, ಮಲಗುವಾಗಲೂ ತಿಪ್ಪಿ. ತಪ್ಪು ನಂದು ಉಡಚಮ್ಮ, ಮೊದಲು ನಾನೊಬ್ಬಳೇ ಕೇಳಿ ನೋಡ್ಬೇಕಾಗಿತ್ತು ಅಂದರು ಮಿಸ್, ಅವರ ತಪ್ಪು ಅವರಿಗಿರಲಿ, ಆ ಹೆಸರು ಯಾಕೆ ಬಂತೆಂದು ನಾನಾದರೂ ಮಗಳಿಗೆ ಹೇಳಿದ್ದೆನೇ, ಹೇಳುವುದಕ್ಕೂ ಹೆದರಿದೆ. ಇವಳಿಗಿಂತ ಮೊದಲೊಬ್ಬಳಿದ್ದಳು, ಬಂದವರೆಲ್ಲ ಗೊಂಬೆ ಗೊಂಬೆ ಅಂದರು, ನಾನೂ ಹಿಗ್ಗಿ ಹೌದು ಗೊಂಬೆ ಅಂದೆ, ವರ್ಷ ತುಂಬುವ ಮೊದಲೇ ಜ್ವರಕ್ಕೆ ಹೋದಳು. ಅದಕ್ಕೇ ಇವಳು ಹುಟ್ಟಿದಾಗ ನಮ್ಮತ್ತೆ ಮೊರದಲ್ಲಿಟ್ಟು ಒಯ್ದು ತಿಪ್ಪೆಯ ಮೇಲೆ ಮಲಗಿಸಿದರು, ಯಾರೋ ಬಿಸಾಕಿ ಹೋಗವ್ರೆ, ನೀನು ಎತ್ಕೋ ಅಂದರು, ಯಾರಿಗೂ ಬೇಡವಾದ ಕೂಸೆಂದು ಸಾವು ಇತ್ತ ತಿರುಗಿ ನೋಡದಿರಲಿ ಎಂದು, ಹಸಿ ಬಾಣಂತಿ ನಾನು, ಬಗ್ಗಿ ಎತ್ತಿಕೊಂಡೆ, ತಿಪ್ಪಿ ಅಂದೆ, ಅದಕ್ಕಿಂತ ಮುದ್ದಿನ ಮಾತು ಇವತ್ತಿಗೂ ನನಗೆ ಗೊತ್ತಿಲ್ಲ.

ಕೋಣೆಯ ಬಾಗಿಲಿಗೆ ಪರದೆ, ಪರದೆಯ ಕೆಳಗೆ ಎರಡು ಪಾದ, ಹೆಬ್ಬೆರಳು ನೆಲ ಕೆರೆಯುತ್ತಿದೆ, ಅವಳೇ, ಬಾಗಿಲವರೆಗೆ ಬಂದಿದ್ದಾಳೆ, ಬಾಯಿಗೆ ಬಂದ ಹೆಸರನ್ನು ನುಂಗಿಕೊಂಡೆ, ಹೇಳಿಬಿಡಲೇ ಆ ಮೊರದ ಕಥೆ, ಬೇಡ, ಸತ್ತ ಅಕ್ಕನ ಸುದ್ದಿ ಈಗೇಕೆ — ನಮ್ಮ ಸಂಧ್ಯಾರಾಣಿ ಒಳ್ಳೇ ಹುಡುಗಿ, ಜಾಣೆ, ಚೆಂದ ಅದಾಳೆ ಅಂದೆ ಚುಕ್ಕೆಗೆ, ಎಂಥ ಒಣ ಮಾತು, ಯಾರದೋ ಮದುವೆಯಲ್ಲಿ ಯಾರದೋ ಮಗಳನ್ನು ಕಂಡು ಆಡುವ ಮಾತು, ಆದರೂ ಆಡಿದ್ದೇ ತಡ ಭಯ ಬಂತು, ಕೆನ್ನೆ ಸವರಿ ನೆಟಿಕೆ ಮುರಿಯಲು ಕೈ ತಾವಾಗಿ ಎದ್ದವು, ಕೆನ್ನೆ ಪರದೆಯ ಆಚೆಗಿತ್ತು. ಮಿಸ್ ಟ್ಯಾಬನ್ನು ಒಳಗೆ ಒಯ್ದರು, ನನ್ನದೇ ದನಿ ಪರದೆಯಾಚೆ ಕೇಳಿಸಿತು, ಯಾರೂ ನಗಲಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಮಿಸ್ ಬಂದರು, ಮುಖ ಅರಳಿತ್ತು, ಉತ್ತರ ಹೇಳಿದಾಳೆ ಕೇಳ್ರಿ, ಕಲಿಸಿದಂಗೇ ಹೇಳಿದಾಳೆ, ಒತ್ತಿದರು — ನನ್ನ ತಾಯಿ ಉಡಚಮ್ಮನವರು ಬಹಳ ಕಷ್ಟಜೀವಿ, ಅವರ ಒಳ್ಳೆಯ ಮಾತುಗಳಿಗೆ ನನ್ನ ಧನ್ಯವಾದಗಳು — ಒಂದು ಅವ್ವಾ ಇಲ್ಲ, ಸಿಟ್ಟೂ ಇಲ್ಲ, ಸಭೆಗೆ ಬಂದ ದೊಡ್ಡವರಿಗೆ ಹಾರ ಹಾಕುವಾಗಿನ ದನಿ, ಬೈದಿದ್ದರೂ ಆಗಿತ್ತು, ಉಂಡೆ ಬಿಸಾಕಿದ್ದರೂ ಆಗಿತ್ತು, ಚೆನ್ನಾಗಿ ಕಲಿತಾಳೆ ಅಲ್ವೇನ್ರಿ ಅನ್ನುತ್ತಿದ್ದಾರೆ ಮಿಸ್, ಹೌದು ಮಿಸ್, ಅಂದೆನೋ ಇಲ್ಲವೋ, ಪರದೆಯ ಕೆಳಗೆ ಪಾದ ಇನ್ನೂ ಇವೆ, ಬೆರಳು ಕಾಣುತ್ತಿಲ್ಲ, ಹಿಮ್ಮಡಿ, ನನ್ನ ಕಡೆಗೆ ಹಿಮ್ಮಡಿ, ಎರಡು ಹಿಮ್ಮಡಿ —